ಬೆನ್ನಚೀಲ ಹೊತ್ತು ಪಶುಪತಿಯ ಊರಿಗೆ

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದೇಶ ಪ್ರವಾಸವೆಂದರೆ ಈಗ ನಮ್ಮ ಮನೆಗಳಲ್ಲಿ ಮಕ್ಕಳು ನೌಕರಿಗಾಗಿ ನೆಲೆಸಿದ ಊರಿಗೆ ಹೋಗಿ, ಆರು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಂಡು, ವಾರಾಂತ್ಯಗಳಲ್ಲಿ ಕಾರಿನ ಕಿಟಕಿಯಿಂದ ಜಲಪಾತ ನೋಡಿ ಬರುವುದು ಎಂದೇ ಅರ್ಥವಾಗಿದೆ. ಅದನ್ನು ಹಗುರವಾಗಿ ಹೇಳುತ್ತಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರಂಥವರು ಅಂಥದೇ ಪ್ರವಾಸದಿಂದ ಒಂದು ಒಳ್ಳೆಯ ಪುಸ್ತಕವನ್ನೇ ತಂದರು. ನಾನು ಇಂದು ಹೇಳಹೊರಟಿರುವುದು ಇನ್ನೊಂದು ಬಗೆಯ ವಿದೇಶದ ಕುರಿತು. ಪಾಸ್‌ಪೋರ್ಟ್ ಇಲ್ಲದೆ, ಮತದಾರರ ಗುರುತಿನ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಕಾಲ್ನಡಿಗೆಯಲ್ಲೇ ದಾಟಬಹುದಾದ ವಿದೇಶ ಅದು. ನಮ್ಮವರು ಅಲ್ಲಿಗೆ ಶತಮಾನಗಳ ಹಿಂದೆಯೇ ಹೋಗಿದ್ದಾರೆ. ಕೆಲವರು ಅರಸರಾಗಿ ಹೋದರು, ಕೆಲವರು ಅರ್ಚಕರಾಗಿ ಹೋದರು, ಕೆಲವರು ಜೋಳಿಗೆ ಹಾಕಿಕೊಂಡು ಜಂಗಮರಾಗಿ ಹೋದರು. ಅರಸರು ಇಂದು ಇಲ್ಲ. ಅರ್ಚಕರು ಇದ್ದಾರೆ. ಈ ವ್ಯತ್ಯಾಸದ ಬಗ್ಗೆ ಹೊರನಾಡಿನವರಾದ ನಾವು ಯೋಚಿಸುವುದು ಬಹಳಷ್ಟಿದೆ ಎಂದು ನನಗೆ ತೋರಿತು.

2023ರ ಫೆಬ್ರವರಿಯಲ್ಲಿ ಹದಿನಾರು ದಿನಗಳ ಗಳಿಕೆ ರಜೆ ಪಡೆದು ಕಾಶಿ, ಕಾಠ್ಮಂಡು, ಭಕ್ತಪುರ, ಸಿಮ್ರೌನಗಢಗಳನ್ನು ನೋಡಿಬಂದೆ. ಸರ್ಕಾರಿ ನೌಕರನಿಗೆ ಪಾಸ್‌ಪೋರ್ಟ್ ಬೇಡದ ವಿದೇಶಕ್ಕೂ ಇಲಾಖೆಯ ಅನುಮತಿ ಬೇಕು. ರಜಾ ಪ್ರವಾಸ ಭತ್ಯೆಯಂತೂ ದೇಶದ ಗಡಿಯಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಖರ್ಚಿನ ಪ್ರತಿ ರೂಪಾಯಿಯೂ ಸ್ವಂತದ್ದು. ಹೋಟೆಲು, ಟ್ಯಾಕ್ಸಿ, ಮಾರ್ಗದರ್ಶಿ ಯಾವುದನ್ನೂ ಮುಂಗಡ ಗೊತ್ತುಮಾಡದೆ, ಎಂಟು ಕಿಲೋ ತೂಕದ ಒಂದೇ ಚೀಲವನ್ನು ಬೆನ್ನಿಗೇರಿಸಿಕೊಂಡು ಹೊರಟೆ. ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಶಾಲು, ಟಾರ್ಚು, ಮಾತ್ರೆಗಳು, ಅವಲಕ್ಕಿ, ಚಟ್ನಿಪುಡಿ, ಇಷ್ಟೇ ಸರಂಜಾಮು. ನನ್ನ ಮಗ ಇದನ್ನು 'ಬ್ಯಾಕ್‌ಪ್ಯಾಕಿಂಗ್' ಎಂದು ಕರೆದ, ಐವತ್ತೇಳರಲ್ಲಿ ಇದೇನು ಎಂದು ನಕ್ಕ. ನನ್ನ ಹೆಂಡತಿ ನಗಲಿಲ್ಲ, ಚಟ್ನಿಪುಡಿಯನ್ನು ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟಳು.

ಈ ಶಬ್ದ ಹೊಸದು, ಕೆಲಸ ಹಳೆಯದು. 1960ರ ದಶಕದಿಂದ 1970ರ ದಶಕದ ಕೊನೆಯವರೆಗೆ ಯೂರೋಪಿನ ತರುಣ ತರುಣಿಯರು ಇಸ್ತಾಂಬುಲ್, ತೆಹರಾನ್, ಕಾಬೂಲ್, ದಿಲ್ಲಿಗಳ ಮೂಲಕ ಬಸ್ಸು ಲಾರಿಗಳಲ್ಲಿ ಕಾಠ್ಮಂಡುವಿಗೆ ಬರುತ್ತಿದ್ದರು. ಹನುಮಾನ್ ಢೋಕಾ ಅರಮನೆಯ ಬಳಿಯ ಝೋಛೆಂ ಎಂಬ ಬೀದಿಗೆ ಅವರಿಂದಲೇ 'ಫ್ರೀಕ್ ಸ್ಟ್ರೀಟ್' ಎಂಬ ಹೆಸರು ಬಿತ್ತು. 1973ರಲ್ಲಿ ನೇಪಾಳ ಸರ್ಕಾರ ಗಾಂಜಾ ಅಂಗಡಿಗಳ ಪರವಾನಗಿ ರದ್ದುಮಾಡಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯೂ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶವೂ ಆದ ಮೇಲೆ ಆ ದಾರಿಯೇ ಮುಚ್ಚಿಹೋಯಿತು. ಆದರೆ ಅವರಿಗಿಂತ ಬಹು ಹಿಂದೆಯೇ ನಮ್ಮ ಜನ ಗಂಟು ಹೊತ್ತು ಇದೇ ಉತ್ತರದ ದಾರಿ ತುಳಿದಿದ್ದರು. ತೆಲುಗಿನಲ್ಲಿ ಒಂದು ಗಾದೆಯಿದೆ, ಇಲ್ಲಿ ನೀವೆಲ್ಲ ಕೇಳಿಯೇ ಇರುತ್ತೀರಿ: ಕಾಶಿಗೆ ಹೋದವನು ಕಾಟಿಗೆ ಹೋದವನಿಗೆ ಸಮಾನ. ಕಾಟಿ ಎಂದರೆ ಸ್ಮಶಾನ. ಅಂಥ ಕಾಲದಲ್ಲಿ, 1830ರಲ್ಲಿ, ಏನುಗುಲ ವೀರಾಸ್ವಾಮಿ ಎಂಬ ಮಹನೀಯರು ಮದರಾಸಿನಿಂದ ಹೊರಟು ನಮ್ಮ ಈ ಹೈದರಾಬಾದಿನ ಮೂಲಕವೇ ಕಾಶಿಗೆ ಹೋಗಿ, ಮಾರನೆಯ ವರ್ಷ ಹಿಂತಿರುಗಿ, ಕಂಡದ್ದನ್ನೆಲ್ಲ ಬರೆದಿಟ್ಟರು. ಅವರು ಪರಿವಾರ ಸಮೇತ ಪಲ್ಲಕ್ಕಿಯಲ್ಲಿ ಹೋದವರು, ಅದು ಬೇರೆ ಮಾತು. ಪಲ್ಲಕ್ಕಿಯಿಲ್ಲದೆ ಹೋದವರು ಬರೆಯಲಿಲ್ಲ.

ಕಾಶಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮಲ್ಲಿ ಮುಕ್ಕಾಲು ಜನ ನೋಡಿದ್ದೀರಿ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ವಿಶಾಲ ಪ್ರಾಕಾರದಿಂದ ಗಂಗೆಯಿಂದ ನೇರವಾಗಿ ವಿಶ್ವನಾಥನಿಗೆ ದಾರಿಯಾಗಿದೆ. ಗಲ್ಲಿಯ ಕತ್ತಲೆಯಿಂದ ಥಟ್ಟನೆ ದೇವರೆದುರು ಬಂದು ನಿಲ್ಲುವ ಹಳೆಯ ಅನುಭವ ಹೋಗಿದೆ. ಹೊಸದು ಅನುಕೂಲ, ಹಳೆಯದು ಕಾಶಿ. ನಾನು ಇಳಿದುಕೊಂಡದ್ದು ಜಂಗಮವಾಡಿ ಮಠದಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಈ ಜ್ಞಾನಪೀಠಕ್ಕೆ ಅಕ್ಬರನಿಂದ ಮೊದಲ್ಗೊಂಡು ಮೊಗಲ್ ಬಾದಶಹರು ನೀಡಿದ ಫರ್ಮಾನುಗಳಿವೆ. ಮಠದ ಅಂಗಳದಲ್ಲಿ ಭಕ್ತರು ಸ್ಥಾಪಿಸಿದ ಲಿಂಗಗಳು ಸಾಲುಸಾಲಾಗಿ ಎಣಿಕೆಗೆ ಸಿಗದಷ್ಟಿವೆ. ಕಲಬುರಗಿ, ಸೊಲ್ಲಾಪುರ, ಬೀದರ ಕಡೆಯ ಕನ್ನಡ ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಿವಿಗೆ ಬೀಳುತ್ತದೆ. ಹರಿಶ್ಚಂದ್ರ ಘಾಟಿನ ಬಳಿ ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕದ ಹೆಸರನ್ನು ಹೊತ್ತ ಘಾಟೂ ಇದೆ. ಕಾಶಿ ಯಾರನ್ನೂ ನೀನು ಎಲ್ಲಿಯವನು ಎಂದು ಕೇಳುವುದಿಲ್ಲ, ಎಲ್ಲರೂ ಹೊರಗಿನವರೇ ಆದ್ದರಿಂದ.

ಗಡಿಯಲ್ಲಿ ರಕ್ಸೌಲ್ ಇತ್ತಕಡೆ, ಬೀರ್‌ಗಂಜ್ ಅತ್ತಕಡೆ. ನಡುವೆ ಒಂದು ಸೇತುವೆ, ಧೂಳು, ಟಾಂಗಾ, ಲಾರಿಗಳ ಸಾಲು. ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು. ಈ ದರ 1993ರಿಂದ ಕದಲಿಲ್ಲ. ನಾನು ಹೋದಾಗ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ಮನ್ನಣೆಯಿರಲಿಲ್ಲ. ಹಾಗಾಗಿ ನೂರರ ನೋಟುಗಳ ಕಟ್ಟನ್ನು ಕಾಲುಚೀಲದಲ್ಲಿ ಅಡಗಿಸಿಕೊಂಡು ಮೈಕ್ರೋಬಸ್ಸಿನಲ್ಲಿ ಬೆಟ್ಟ ಹತ್ತಿದೆ. ಆ ದಾರಿಯ ವರ್ಣನೆ ಬೇಡ. ನನ್ನ ಸೊಂಟ ಇನ್ನೂ ಅದನ್ನು ಮರೆತಿಲ್ಲ.

ಕಾಠ್ಮಂಡು ಕಣಿವೆಯ ಏಳು ಸ್ಮಾರಕ ವಲಯಗಳನ್ನು ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಠ್ಮಂಡು, ಪಾಟನ್, ಭಕ್ತಪುರಗಳ ಮೂರು ಅರಮನೆ ಚೌಕಗಳು, ಸ್ವಯಂಭು, ಬೌದ್ಧನಾಥಗಳೆಂಬ ಎರಡು ಸ್ತೂಪಗಳು, ಚಾಂಗುನಾರಾಯಣ ಮತ್ತು ಪಶುಪತಿ. ಹೀಗೆ ಒಂದು ದಿನದ ನಡಿಗೆಯಲ್ಲಿ ಸುತ್ತಬಹುದಾದಷ್ಟು ಜಾಗದಲ್ಲಿ ಇಷ್ಟೊಂದು ಸ್ಮಾರಕಗಳು ಜನವಸತಿಯ ನಡುವೆಯೇ ಇರುವುದು ಅಪರೂಪ. ಅವುಗಳ ಮೆಟ್ಟಿಲ ಮೇಲೆ ಮುದುಕರು ಬಿಸಿಲು ಕಾಯಿಸುತ್ತಾರೆ, ಹೆಂಗಸರು ಸೊಪ್ಪು ಮಾರುತ್ತಾರೆ. ನಮ್ಮ ಚಾರ್‌ಮಿನಾರಿನ ಕೆಳಗೆ ಇಷ್ಟು ವರ್ಷ ಓಡಾಡಿದ ನಾನು ಅದರ ಮೇಲೆ ಹತ್ತಿದ್ದು ಎರಡೇ ಸಲ, ಎರಡೂ ಸಲ ಊರಿನಿಂದ ಬಂದ ನೆಂಟರ ಸಲುವಾಗಿ. ಪರವೂರಿನಲ್ಲಿ ಮಾತ್ರ ನಾವು ಇಟ್ಟಿಗೆಯಿಟ್ಟಿಗೆಯನ್ನೂ ಕೈಯಿಂದ ಮುಟ್ಟಿ ನೋಡುತ್ತೇವೆ.

ಶಿವರಾತ್ರಿ ಆ ವರ್ಷ ಫೆಬ್ರವರಿ 18ರಂದು. ಪಶುಪತಿಯ ದರ್ಶನಕ್ಕೆ ಬೆಳಗಿನ ಜಾವ ಮೂರಕ್ಕೆ ಸರದಿಯಲ್ಲಿ ನಿಂತೆ. ಕೊರೆಯುವ ಚಳಿ. ಭಾರತದ ಮೂಲೆಮೂಲೆಯಿಂದ ಬಂದ ಸಾಧುಗಳು ಬೆಂಕಿ ಹಾಕಿಕೊಂಡು ಕುಳಿತಿದ್ದರು. ಬಾಗ್ಮತಿಯ ಈಚೆ ದಡದ ಘಾಟಿನಲ್ಲಿ ಚಿತೆಗಳು ಉರಿಯುತ್ತಿದ್ದವು. ಆಚೆ ದಡದ ಮೆಟ್ಟಿಲುಗಳಲ್ಲಿ, ನನ್ನ ಹಾಗೆಯೇ ಬೆನ್ನಚೀಲ ಹೊತ್ತ ಬಿಳಿಯ ಪ್ರವಾಸಿಗಳು ಕುಳಿತು ಅದನ್ನು ನೋಡುತ್ತಿದ್ದರು. ಹಿಂದೂಗಳಲ್ಲದವರಿಗೆ ದೇವಾಲಯದ ಒಳ ಪ್ರಾಕಾರಕ್ಕೆ ಪ್ರವೇಶವಿಲ್ಲ. ಪರರ ಸಾವನ್ನು ಅವರು ಚಿತ್ರ ತೆಗೆಯುವುದು ಮೊದಲು ನನಗೆ ಕಸಿವಿಸಿಯೆನಿಸಿತು. ಆಮೇಲೆ ಯೋಚಿಸಿದೆ: ಒಳಗೆ ಬಿಡದವನು ಹೊರಗಿನಿಂದ ಏನು ಕಂಡರೆ ಅದನ್ನೇ ನೋಡಬೇಕಲ್ಲವೆ? ಆ ನೂಕುನುಗ್ಗಲಿನಲ್ಲಿ ನಾನು ಒಳಗಿನವನಾಗಿದ್ದೆ ಎಂಬುದು ಕೇವಲ ಹುಟ್ಟಿನ ಆಕಸ್ಮಿಕ.

ಸರದಿಯಲ್ಲಿ ನನ್ನ ಮುಂದೆ ಕಂಬಳಿ ಹೊದ್ದ ಏಳೆಂಟು ಜನರ ಗುಂಪು. ಹಾವೇರಿ ಜಿಲ್ಲೆ ಹಾನಗಲ್ಲಿನ ಕಡೆಯವರು. ಅವರ ಮಾತು ಕಿವಿಗೆ ಬಿದ್ದು ನಾನೇ ಮಾತನಾಡಿಸಿದೆ. ಗುಂಪಿನ ಹಿರಿಯ ತಾಯಿ ಸಂತೋಷದಿಂದ ಕೇಳಿದರು: "ಯಾವೂರ್ರೀ ನಿಮ್ದು?"

"ಹೈದರಾಬಾದು ಅವ್ವಾ."

"ಹೌದ್ರಿ? ತೆಲುಗು ಮಂದಿ ಆದ್ರೂ ಕನ್ನಡ ಭಾಳ ಚಲೋ ಮಾತಾಡ್ತೀರಿ ಬಿಡ್ರಿ!"

ಸಭೆ ನಗುತ್ತಿದೆ. ನಾನೂ ಅಲ್ಲಿ ನಕ್ಕೆ, ಅವರು ಕೊಟ್ಟ ಶೇಂಗಾ ಹೋಳಿಗೆಯನ್ನೂ ತಿಂದೆ. ಆದರೆ ನಿಮಗೆ ಗೊತ್ತಿರುವಂತೆ ಇದು ಬರಿಯ ನಗುವ ಮಾತಲ್ಲ. ನಮ್ಮ ತಾತ 1930ರ ದಶಕದಲ್ಲಿ ಯಾದಗಿರಿಯಿಂದ ಈ ನಗರಕ್ಕೆ ನಿಜಾಮರ ಸರ್ಕಾರದ ಗುಮಾಸ್ತಿಕೆಗೆ ಬಂದಾಗ ಅವರು ಪರದೇಶಕ್ಕೆ ಬರಲಿಲ್ಲ, ತಮ್ಮ ಸಂಸ್ಥಾನದ ರಾಜಧಾನಿಗೆ ಬಂದರು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1919ರ ಮುಲ್ಕಿ ನಿಯಮಗಳ ಪ್ರಕಾರ ಅವರು ಅಪ್ಪಟ ಮುಲ್ಕಿಗಳು. 1952ರಲ್ಲಿ ಗೈರ್‌ಮುಲ್ಕಿಗಳ ವಿರುದ್ಧ ಇಲ್ಲಿ ಚಳವಳಿ ನಡೆದಾಗ ನಮ್ಮ ತಾತನಿಗೆ ಆತಂಕವಿರಲಿಲ್ಲ. 1956ರ ನವೆಂಬರ್ 1ರಂದು ಬೆಳಗಾಗುವಷ್ಟರಲ್ಲಿ ಅವರು, ಕಾಚೀಗುಡದ ತಮ್ಮ ಮನೆಯ ಹೊಸ್ತಿಲನ್ನೂ ದಾಟದೆ, ಹೊರನಾಡ ಕನ್ನಡಿಗರಾದರು. ಅವರು ವಲಸೆ ಹೋಗಲಿಲ್ಲ, ಗಡಿ ವಲಸೆ ಹೋಯಿತು. 1969ರ ತೆಲಂಗಾಣ ಚಳವಳಿಯಲ್ಲಿ ಅದೇ 'ಮುಲ್ಕಿ' ಎಂಬ ಪದ ಮತ್ತೆ ಬೀದಿಗೆ ಬಂದಾಗ ನಾವು ಯಾವ ಕಡೆಯವರೆಂಬುದು ನಮಗೇ ತಿಳಿಯಲಿಲ್ಲವೆಂದು ನನ್ನ ತಂದೆ ಹೇಳುತ್ತಿದ್ದರು. ಇಲ್ಲಿಯವರಿಗೆ ನಾವು ಕನ್ನಡದವರು, ಅಲ್ಲಿಯವರಿಗೆ ತೆಲುಗು ಮಂದಿ.

ಈ ಯೋಚನೆಯನ್ನು ಹೊತ್ತುಕೊಂಡೇ ನಾನು ಪಶುಪತಿಯ ಬಾಗಿಲಿಗೆ ಬಂದದ್ದು. ಎರಡಂತಸ್ತಿನ ಚಿನ್ನದ ಹೊದಿಕೆಯ ಮಾಡು, ಬೆಳ್ಳಿಯ ಬಾಗಿಲುಗಳು, ಪಶ್ಚಿಮ ದ್ವಾರದೆದುರು ಬೃಹತ್ತಾದ ನಂದಿ. ಒಳಗೆ ಚತುರ್ಮುಖ ಲಿಂಗ: ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಮೇಲ್ಮುಖವಾದ ಈಶಾನ ನಿರಾಕಾರ. 1349ರಲ್ಲಿ ಬಂಗಾಳದ ಸುಲ್ತಾನ ಶಂಸುದ್ದೀನ ಇಲಿಯಾಸನ ದಾಳಿಯಲ್ಲಿ ಹಳೆಯ ಲಿಂಗ ಭಗ್ನವಾಗಿ, 1360ರಲ್ಲಿ ಪುನಃ ಪ್ರತಿಷ್ಠೆಯಾಯಿತು. ಇಂದಿನ ಕಟ್ಟಡ ಹದಿನೇಳನೆಯ ಶತಮಾನದ ಕೊನೆಯದು. ಶಿವರಾತ್ರಿಯಂದು ನಾಲ್ಕು ದಿಕ್ಕಿನ ಬಾಗಿಲುಗಳನ್ನೂ ತೆರೆದಿರುತ್ತಾರೆ. ಭಕ್ತನಿಗೆ ದೊರಕುವುದು ಎರಡು ಮೂರು ಕ್ಷಣ ಮಾತ್ರ. ಆ ಕ್ಷಣದಲ್ಲಿ ನಾನು ದೇವರ ಮುಖಕ್ಕಿಂತ ಅರ್ಚಕರ ಮುಖವನ್ನೇ ಹೆಚ್ಚು ನೋಡಿದೆನೆಂದರೆ ಪಶುಪತಿ ಕ್ಷಮಿಸಬೇಕು.

ಈ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರವಿರುವುದು ಭಟ್ಟರೆಂದು ಕರೆಯಲ್ಪಡುವ ನಾಲ್ವರಿಗೆ ಮತ್ತು ಅವರ ಮೇಲಿರುವ ಮೂಲಭಟ್ಟರಿಗೆ ಮಾತ್ರ. ನೇಪಾಳದ ಅರಸನಿಗೂ ಆ ಅಧಿಕಾರವಿರಲಿಲ್ಲ. ಈ ಭಟ್ಟರು ದಕ್ಷಿಣದವರು. ಇತ್ತೀಚಿನ ಕಾಲದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದ ಕರಾವಳಿಯ ಕಡೆಯವರು, ವೇದಾಧ್ಯಯನ ಮುಗಿಸಿ ದೀಕ್ಷೆ ಪಡೆದು ಹೋದವರು. ಅವರಿಗೆ ನೆರವಾಗುವ ಭಂಡಾರಿಗಳು ಸ್ಥಳೀಯ ನೇವಾರರು. ಪೂಜೆಯ ಸಾಮಗ್ರಿ, ಭಂಡಾರದ ಬೀಗ ಅವರ ಕೈಯಲ್ಲಿರುತ್ತವೆ, ಆದರೆ ಅವರು ಲಿಂಗವನ್ನು ಮುಟ್ಟುವಂತಿಲ್ಲ. ಹೊರಗಿನವನು ಮುಟ್ಟುತ್ತಾನೆ, ಒಳಗಿನವನು ಕಾಯುತ್ತಾನೆ. ನಾನು ಲೆಕ್ಕಪತ್ರಗಳ ನಡುವೆ ಬಾಳು ಸವೆಸಿದವನು. ಒಬ್ಬನೇ ಎರಡನ್ನೂ ಮಾಡಕೂಡದೆಂಬ ಈ ಏರ್ಪಾಡನ್ನು ಯಾರು ಮೊದಲು ಯೋಚಿಸಿದರೋ, ಅವರು ನಮ್ಮ ಇಲಾಖೆಯಲ್ಲಿ ಇರಬೇಕಾಗಿತ್ತು.

ಈ ಪದ್ಧತಿಯನ್ನು ಆದಿಶಂಕರರು ಆರಂಭಿಸಿದರೆಂದು ಸಂಪ್ರದಾಯ ಹೇಳುತ್ತದೆ. ಚರಿತ್ರೆಯ ಆಧಾರಗಳು ಮಲ್ಲ ಅರಸರ ಕಾಲದಿಂದ ದೊರಕುತ್ತವೆ. ದಕ್ಷಿಣದವರೇ ಏಕೆ ಎಂಬುದಕ್ಕೆ ಅಲ್ಲಿ ಹೇಳುವ ಒಂದು ಕಾರಣ ನನಗೆ ಬಹಳ ಹಿಡಿಸಿತು. ನೇಪಾಳದ ಅರಸ ಪ್ರಜೆಗಳಿಗೆಲ್ಲ ತಂದೆಯ ಸಮಾನ. ಅವನು ತೀರಿಕೊಂಡರೆ ದೇಶಕ್ಕೆಲ್ಲ ಸೂತಕ. ಸೂತಕವಿದ್ದವರು ಪೂಜೆ ಮಾಡುವಂತಿಲ್ಲ. ಹಾಗಾದರೆ ಪಶುಪತಿಗೆ ನಿತ್ಯಪೂಜೆ ಮಾಡುವವರು ಯಾರು? ಆ ಅರಸನ ಪ್ರಜೆಯಲ್ಲದವನು. ಬಂಧುಗಳೆ, ಹೊರಗಿನವನಾಗಿರುವುದೇ ಯೋಗ್ಯತೆಯಾದ ಇನ್ನೊಂದು ಹುದ್ದೆಯನ್ನು ನಾನು ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ಕಂಡಿಲ್ಲ.

ಆದರೆ ಅರಸೊತ್ತಿಗೆಯೇ ಹೋದರೆ? 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು. ಅದೇ ಡಿಸೆಂಬರಿನ ಕೊನೆಯಲ್ಲಿ, ಮಾವೋವಾದಿ ನಾಯಕ ಪ್ರಚಂಡರು ಪ್ರಧಾನಿಯಾಗಿದ್ದಾಗ, ಪಶುಪತಿ ಕ್ಷೇತ್ರದ ಟ್ರಸ್ಟು ಭಟ್ಟರ ಸ್ಥಾನಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿತು. ಆಗ ಪ್ರತಿಭಟನೆಗೆ ಮುಂದಾದವರಲ್ಲಿ ಭಂಡಾರಿಗಳೇ, ಅಂದರೆ ಆ ಮಣ್ಣಿನ ಮಕ್ಕಳೇ ಇದ್ದರು. ಸರ್ವೋಚ್ಚ ನ್ಯಾಯಾಲಯ ನೇಮಕಕ್ಕೆ ತಡೆ ನೀಡಿತು. 2009ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿದು ಹಳೆಯ ಭಟ್ಟರೇ ಪೂಜೆಗೆ ಮರಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೊಸದಾಗಿ ನೇಮಕಗೊಂಡ ಇಬ್ಬರು ಅರ್ಚಕರ ಮೇಲೆ ದೇವಾಲಯದ ಆವರಣದಲ್ಲೇ ಹಲ್ಲೆ ನಡೆಯಿತು. ಆಗ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು ನಿಮಗೆ ನೆನಪಿರಬಹುದು.

ಈ ವಿವಾದದಲ್ಲಿ ಎರಡು ಬೇಡಿಕೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದು, ಕಾಣಿಕೆಯ ಲೆಕ್ಕ ಬಹಿರಂಗವಾಗಿರಬೇಕು ಎಂಬುದು. ಎರಡು, ಅರ್ಚಕ ನೇಪಾಳದವನೇ ಆಗಿರಬೇಕು ಎಂಬುದು. ಮೊದಲನೆಯದು ನ್ಯಾಯವಾದದ್ದು. ದೇವರ ಹಣವೆಂದರೆ ಸಾರ್ವಜನಿಕರ ಹಣ. ಅದರ ಲೆಕ್ಕ ಕೇಳುವುದು ಅಪಚಾರವಲ್ಲ, ಲೆಕ್ಕ ಕೊಡದಿರುವುದು ಅಪಚಾರ. ಕನ್ನಡಿಗರು ಅಲ್ಲಿದ್ದಾರೆಂಬ ಅಭಿಮಾನದಿಂದ ನಾವು ಈ ಮಾತನ್ನು ನುಂಗಿಕೊಳ್ಳಬಾರದು. ಎರಡನೆಯದು ಅಷ್ಟು ಸರಳವಲ್ಲ. ನಮ್ಮದೇ ದೇವಾಲಯವೊಂದರಲ್ಲಿ ದೂರದೇಶದವನೊಬ್ಬ ಮಾತ್ರ ಗರ್ಭಗುಡಿ ಪ್ರವೇಶಿಸಬಹುದೆಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಕರ್ನಾಟಕದಲ್ಲಿ ನೌಕರಿಯ ವಿಷಯ ಬಂದಾಗ ಸ್ಥಳೀಯರಿಗೇ ಎಂದು ಕೂಗುವ ನಮ್ಮವರು, ಕಾಠ್ಮಂಡುವಿನಲ್ಲಿ ಹೊರಗಿನವರಿಗೇ ಎನ್ನುವುದು ಹೇಗೆ? ಹೊರನಾಡಿನಲ್ಲಿ ಮೂರು ತಲೆಮಾರು ಕಳೆದ ನಮಗೆ ಈ ಪ್ರಶ್ನೆ ಎರಡೂ ಕಡೆಯಿಂದ ಇರಿಯುತ್ತದೆ. ನನಗೆ ತೋರುವುದಿಷ್ಟು: ಅರ್ಚಕನ ಅರ್ಹತೆಯನ್ನು ಅಧ್ಯಯನದಿಂದಲೂ ನಡತೆಯಿಂದಲೂ ಅಳೆಯಬೇಕು, ಹುಟ್ಟಿದ ಊರಿನಿಂದಲ್ಲ. ಆ ಅಳತೆಗೆ ನೇಪಾಳದ ತರುಣನೊಬ್ಬ ಸಿದ್ಧನಾಗಿ ಬಂದರೆ ಅವನನ್ನು ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ. ಹಾಗೆಯೇ ಉಡುಪಿಯಿಂದ ಹೋದವನನ್ನು ಥಳಿಸಲೂ ಕಾರಣವಿಲ್ಲ. ಹಿರಿಯರಲ್ಲಿ ಕೆಲವರು ಇದನ್ನು ಒಪ್ಪದಿರಬಹುದು. ಚರ್ಚೆಗೆ ಸಮಯವಿದೆ.

ಇದೊಂದೇ ಉದಾಹರಣೆಯಲ್ಲ. ಹಿಮಾಲಯದ ಕೇದಾರನಾಥದ ರಾವಲರು ವೀರಶೈವ ಜಂಗಮರು, ಬದರೀನಾಥದ ರಾವಲರು ಕೇರಳದ ನಂಬೂದಿರಿಗಳು. ಭಕ್ತಪುರದಲ್ಲಿಯೂ ಒಂದು ಜಂಗಮ ಮಠವಿದೆ. ಕೃಷ್ಣೆ ತುಂಗಭದ್ರೆಯರ ನಾಡಿನ ಹೆಸರುಗಳು ಬಾಗ್ಮತಿಯ ಕಣಿವೆಯಲ್ಲಿ ಕೇಳಿಬಂದಾಗ ರೋಮಾಂಚನವಾಗುವುದು ಸಹಜ.

ಭಕ್ತಪುರದ ಬಗ್ಗೆ ಎರಡು ಮಾತು. ಭೂಪತೀಂದ್ರಮಲ್ಲ 1702ರಲ್ಲಿ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ದೇವಾಲಯದ ಮೆಟ್ಟಿಲುಗಳ ಇಕ್ಕೆಲದಲ್ಲಿ ಜಟ್ಟಿಗಳು, ಆನೆಗಳು, ಸಿಂಹಗಳು ಹೀಗೆ ಜೋಡಿಗಳಿವೆ. ಕೆಳಗಿನದಕ್ಕಿಂತ ಮೇಲಿನದು ಹತ್ತು ಪಟ್ಟು ಬಲಶಾಲಿಯೆಂಬ ನಂಬಿಕೆ. 1934ರ ಭೂಕಂಪವನ್ನೂ 2015ರ ಏಪ್ರಿಲ್ 25ರ ಭೂಕಂಪವನ್ನೂ ಅದು ತಾಳಿಕೊಂಡು ನಿಂತಿತು. ಅದೇ ಊರಿನ ಅರಮನೆ ಚೌಕದ ವತ್ಸಲಾ ದೇವಾಲಯ ನೆಲಸಮವಾಯಿತು. ಕಾಠ್ಮಂಡುವಿನಲ್ಲಿ, ನಗರಕ್ಕೇ ಹೆಸರು ಕೊಟ್ಟ ಕಾಷ್ಠಮಂಡಪ ಕುಸಿದಾಗ ಅದರೊಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ರಕ್ತ ಕೊಡಲು ಬಂದವರು ಅಲ್ಲಿ ಸತ್ತರು. ಒಟ್ಟು ಒಂಬತ್ತು ಸಾವಿರದಷ್ಟು ಜನ ಆ ಭೂಕಂಪದಲ್ಲಿ ತೀರಿಕೊಂಡರು. ನಾನು ನೋಡಿದಾಗ ಕಾಷ್ಠಮಂಡಪ ಮತ್ತೆ ಎದ್ದು ನಿಂತಿತ್ತು. ಊರಿನ ಜನ ಹಟ ಹಿಡಿದು, ಸಿಮೆಂಟು ಕಬ್ಬಿಣಗಳನ್ನು ದೂರವಿಟ್ಟು, ಹಳೆಯ ಕ್ರಮದಲ್ಲಿ ಮರದಿಂದಲೇ ಕಟ್ಟಿದ್ದರು. ತಳಪಾಯ ಅಗೆದಾಗ ಅದು ಏಳನೆಯ ಶತಮಾನದಷ್ಟು ಹಳೆಯದೆಂದು ಗೊತ್ತಾಯಿತು. ಹೊಸ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಅಲ್ಲಿ ಬಹಳ ಹೊತ್ತು ಕುಳಿತೆ.

ಭಕ್ತಪುರದ ಸುವರ್ಣದ್ವಾರದ ಒಳಗೆ ತಲೇಜು ದೇವಿಯ ಗುಡಿ. ಈ ದೇವಿ ಮಲ್ಲ ಅರಸರ ಕುಲದೇವತೆ. ಅವಳನ್ನು ಅಲ್ಲಿಗೆ ತಂದವನು ಕರ್ಣಾಟ ಕುಲದ ಅರಸ ಹರಿಸಿಂಹದೇವ ಎಂಬುದು ಅಲ್ಲಿನ ಐತಿಹ್ಯ. ಇಲ್ಲಿಂದ ನಾನು ಇತಿಹಾಸದ ಹಳೆಯ ವಿದ್ಯಾರ್ಥಿಯಾಗಿ ಸ್ವಲ್ಪ ಹೇಳಬೇಕಾಗಿದೆ.

ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಗೌಡ, ಕಾಮರೂಪಗಳವರೆಗೆ ದಂಡೆತ್ತಿ ಹೋದನೆಂದು ಬಿಲ್ಹಣ ತನ್ನ ಕಾವ್ಯದಲ್ಲಿ ವರ್ಣಿಸಿದ್ದಾನೆ. ಕಲ್ಯಾಣವೆಂದರೆ ನಮ್ಮ ಬಸವಕಲ್ಯಾಣ. ಇಲ್ಲಿಂದ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಅಂಥ ದಂಡಯಾತ್ರೆಗಳ ಜೊತೆ ಹೋದ ಕನ್ನಡ ನಾಡಿನ ಸೇನಾನಿಗಳು ಅಲ್ಲಲ್ಲಿ ನೆಲೆನಿಂತರೆಂಬುದು ವಿದ್ವಾಂಸರ ಊಹೆ. ಬಂಗಾಳದ ಸೇನರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡರು. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿ ಸಿಮ್ರೌನಗಢವನ್ನು ರಾಜಧಾನಿ ಮಾಡಿಕೊಂಡ. ಅವನು ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಸಂಗೀತಶಾಸ್ತ್ರಜ್ಞನೂ ಹೌದು. ಅವನ ವಂಶ ಇನ್ನೂರ ಇಪ್ಪತ್ತೇಳು ವರ್ಷ ಆಳಿತು. ಕೊನೆಯವನು ಹರಿಸಿಂಹದೇವ. ಅವನ ಮಂತ್ರಿ ಚಂಡೇಶ್ವರ ಠಾಕುರ ನೇಪಾಳಕ್ಕೆ ದಂಡೆತ್ತಿ ಹೋಗಿ 1314ರಲ್ಲಿ ಬಾಗ್ಮತಿಯ ದಡದಲ್ಲಿ ತುಲಾಪುರುಷ ದಾನ ಮಾಡಿದ. 1324ರಲ್ಲಿ ಘಿಯಾಸುದ್ದೀನ ತುಘಲಕನ ಸೈನ್ಯ ಬಂದಾಗ ಸಿಮ್ರೌನಗಢ ಬಿದ್ದುಹೋಯಿತು. ಹರಿಸಿಂಹದೇವ ಬೆಟ್ಟಗಳತ್ತ ಓಡಿ ದಾರಿಯಲ್ಲೇ ತೀರಿಕೊಂಡ. ಅವನು ಕಾಠ್ಮಂಡು ಕಣಿವೆಯನ್ನು ಆಳಿದನೆಂಬುದು ನಂತರದ ವಂಶಾವಳಿಗಳ ಕಥೆ. ನಿಜವಾಗಿ ಭಕ್ತಪುರ ತಲುಪಿದವಳು ಅವನ ವಿಧವೆ ದೇವಲದೇವಿ. ಮುಂದೆ ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ಮದುವೆಯಾಗಿಯೇ ಜಯಸ್ಥಿತಿಮಲ್ಲ ಆ ನಾಡಿನ ಅರಸನಾದದ್ದು. ಕುಲಗೌರವ ಗಂಡಸರ ಹೆಸರಿನಲ್ಲಿ ಶಾಸನವಾಯಿತು, ಅದನ್ನು ಬೆಟ್ಟ ಹತ್ತಿಸಿದವಳು ಒಬ್ಬ ಹೆಂಗಸು. ಮುನ್ನೂರು ವರ್ಷಗಳ ನಂತರವೂ ಪ್ರತಾಪಮಲ್ಲ ತಾನು ನಾನ್ಯದೇವನ ವಂಶದವನೆಂದು ಹೇಳಿಕೊಂಡ.

ಇಷ್ಟು ಹೇಳಿದರೆ ನಮ್ಮಲ್ಲಿ ಚಪ್ಪಾಳೆ ಬೀಳುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಎಂಬುದಷ್ಟೇ ಅಲ್ಲ, ಹಿಮಾಲಯದವರೆಗೂ ಕನ್ನಡಿಗರು ಎಂದು ಬರೆಯುವ ಉತ್ಸಾಹಿಗಳಿದ್ದಾರೆ. ಆ ಉತ್ಸಾಹಕ್ಕೆ ನಾನು ಸ್ವಲ್ಪ ತಣ್ಣೀರು ಎರಚಬೇಕಾಗಿದೆ. ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕುರ 'ವರ್ಣರತ್ನಾಕರ'ವನ್ನು ಬರೆದ. ಅದು ಮೈಥಿಲಿ ಭಾಷೆಯ ಮೊದಲ ಗದ್ಯಗ್ರಂಥವೆಂದು ಖ್ಯಾತವಾಗಿದೆ. ಕರ್ಣಾಟರ ಕಾಲದಲ್ಲಿ ಬೆಳೆದ ಭಾಷೆ ಕನ್ನಡವಲ್ಲ, ಮೈಥಿಲಿ. ಅದಕ್ಕಾಗಿ ಅವರನ್ನು ದೂಷಿಸಲು ಬರುವುದಿಲ್ಲ. ಉಣ್ಣುವ ಅನ್ನದ ನೆಲದ ಮಾತಿಗೆ ಆಶ್ರಯ ಕೊಟ್ಟದ್ದು ಒಳ್ಳೆಯ ಅರಸನ ಲಕ್ಷಣ. ಆದರೆ ಕನ್ನಡ ಎಲ್ಲಿ ಹೋಯಿತು? ಅವರಿಗೆ ರಾಜ್ಯವಿತ್ತು, ಕೋಟೆಯಿತ್ತು, ಭಂಡಾರವಿತ್ತು, ಕವಿಗಳಿದ್ದರು. ಉಳಿದದ್ದು ಕುಲದ ಹೆಸರೊಂದೇ. ಅದನ್ನೂ ಬಿರುದಿನಂತೆ ತೊಟ್ಟುಕೊಂಡರು.

ಪಶುಪತಿಯ ಭಟ್ಟರಿಗೆ ರಾಜ್ಯವಿರಲಿಲ್ಲ. ಅವರಿಗಿದ್ದದ್ದು ಊರಿನ ಸಂಪರ್ಕ. ಹುದ್ದೆ ತೆರವಾದಾಗಲೆಲ್ಲ ಹೊಸಬರು ದಕ್ಷಿಣದಿಂದಲೇ ಬರಬೇಕೆಂಬ ನಿಯಮ ಭಾಷೆಗಾಗಿ ಮಾಡಿದ್ದಲ್ಲ, ಆದರೂ ಅದರಿಂದ ಭಾಷೆಯ ತೊರೆಗೆ ಮತ್ತೆ ಮತ್ತೆ ನೀರು ಸೇರುತ್ತ ಬಂದಿತು. ಅರಸರ ತೊರೆಗೆ ಮೇಲಿನಿಂದ ನೀರು ಬರಲಿಲ್ಲ.

ನಮ್ಮ ಲೆಕ್ಕವನ್ನೂ ನೋಡೋಣ. ಕಾಚೀಗುಡದಲ್ಲಿ ನಮ್ಮ ಹಿರಿಯರು ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿದರು, ನೃಪತುಂಗ ಶಾಲೆಯನ್ನು ಕಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು. ಉರ್ದು ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ ಇದೆಲ್ಲ ನಡೆಯಿತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಈ ಸಭೆಯಲ್ಲಿ ಸುಮಾರು ಎಂಬತ್ತು ಜನರಿದ್ದೇವೆ. ನಾನು ಬಾಗಿಲಲ್ಲಿ ನಿಂತು ಗಮನಿಸಿದಂತೆ ಮೂವತ್ತು ದಾಟದವರು ಐದು ಜನ, ಅವರಲ್ಲಿ ಇಬ್ಬರು ಧ್ವನಿವರ್ಧಕದ ವ್ಯವಸ್ಥೆಗೆ ಬಂದವರು. ನನ್ನ ಮಗ ಕನ್ನಡ ಮಾತನಾಡುತ್ತಾನೆ, ಓದಲು ತಡವರಿಸುತ್ತಾನೆ. ಮೊಮ್ಮಗಳು ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ನಿಮ್ಮ ಮನೆಗಳ ಕಥೆ ಇದಕ್ಕಿಂತ ಬಹಳ ಬೇರೆಯಾಗಿರಲಾರದು. ವರ್ಷಕ್ಕೊಮ್ಮೆ ರಾಜ್ಯೋತ್ಸವದಂದು ಬೆಂಗಳೂರಿನಿಂದ ಒಬ್ಬ ಗಣ್ಯರನ್ನು ಕರೆಸಿ, ಶಾಲು ಹೊದಿಸಿ, ನಾವು ಕರ್ಣಾಟ ಕುಲದವರೆಂದು ಹೇಳಿಕೊಳ್ಳುವುದು ಪ್ರತಾಪಮಲ್ಲನ ದಾರಿ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಎರಡು ತಿಂಗಳು ಯಾದಗಿರಿಗೋ ಹಾನಗಲ್ಲಿಗೋ ಕಳಿಸುವುದು ಭಟ್ಟರ ದಾರಿ. ಎರಡನೆಯದಕ್ಕೆ ಖರ್ಚು ಕಡಿಮೆ, ಆದರೆ ಮಕ್ಕಳ ಕೋಚಿಂಗ್ ತರಗತಿಗಳು ಅಡ್ಡಬರುತ್ತವೆ ಎಂದು ನಮ್ಮ ಸೊಸೆ ಹೇಳುತ್ತಾಳೆ. ಅವಳ ಮಾತೂ ಸುಳ್ಳಲ್ಲ.

ಹಿಂತಿರುಗುವಾಗ ಸಿಮ್ರೌನಗಢಕ್ಕೆ ಹೋದೆ. ಅದು ನೇಪಾಳದ ಬಾರಾ ಜಿಲ್ಲೆಯಲ್ಲಿ, ಗಡಿಗೆ ತಾಗಿಕೊಂಡೇ ಇದೆ. ಪ್ರವಾಸಿಗಳು ಅಲ್ಲಿಗೆ ಬರುವುದು ಕಡಿಮೆ, ಬೆನ್ನಚೀಲದವರಂತೂ ಇಲ್ಲವೇ ಇಲ್ಲ. ಕೋಟೆಯೆಂದರೆ ಈಗ ಮಣ್ಣಿನ ದಿಬ್ಬಗಳು, ಅವುಗಳ ಮೇಲೆ ಮೇಕೆಗಳು. ಗೋಧಿ, ಸಾಸಿವೆಯ ಹೊಲಗಳ ನಡುವೆ ಇಸ್ರಾ ಪೋಖರಿ ಎಂಬ ದೊಡ್ಡ ಕೆರೆ. ಮುರಿದ ಶಿಲ್ಪಗಳನ್ನು ಜನ ಗುಡಿಗಳಲ್ಲಿ ಕೂಡಿಸಿಟ್ಟು ಕುಂಕುಮ ಹಚ್ಚಿದ್ದಾರೆ. ಕಂಕಾಳಿ ದೇವಿಯ ಗುಡಿಯ ಬಳಿ ಚಹಾದಂಗಡಿಯ ಮುದುಕ ನಾನು ಎಲ್ಲಿಂದ ಬಂದವನೆಂದು ಭೋಜಪುರಿಯಲ್ಲಿ ವಿಚಾರಿಸಿದ. ಹೈದರಾಬಾದ್ ಎಂದರೆ ಬಿರಿಯಾನಿ ಎಂದ. ನಮ್ಮ ಮಾತು ಕನ್ನಡ, ಕರ್ನಾಟಕದ ಭಾಷೆ ಎಂದೆ. "ಕರ್ಣಾಟ?" ಎಂದು ಅವನು ಕೆರೆಯ ಕಡೆ ಕೈ ತೋರಿಸಿದ. ಈ ಕೆರೆ ಅವರೇ ತೋಡಿಸಿದ್ದು, ನಿಮ್ಮವರೋ ಎಂದು ಕೇಳಿದ. ಹೌದೆನ್ನಲೂ ಅಲ್ಲವೆನ್ನಲೂ ನನಗೆ ನಾಲಗೆ ಬರಲಿಲ್ಲ. ಇದ್ದಿರಬಹುದು ಎಂದೆ. ಅವನು ಎರಡನೆಯ ಲೋಟಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಸಭಿಕರಲ್ಲಿ ಯಾರಿಗಾದರೂ ಹೋಗುವ ಮನಸ್ಸಿದ್ದರೆ ದಾರಿ ಕಷ್ಟವೇನಲ್ಲ. ರಕ್ಸೌಲಿನವರೆಗೆ ರೈಲು, ಅಲ್ಲಿಂದ ಬೀರ್‌ಗಂಜ್, ಬೀರ್‌ಗಂಜಿನಿಂದ ಬಸ್ಸು. ಶಿವರಾತ್ರಿಯ ವಾರ ಹೋದರೆ ಪಶುಪತಿಯಲ್ಲಿ ನೂಕುನುಗ್ಗಲು ಸಹಿಸಬೇಕು, ಕಾರ್ತಿಕದಲ್ಲಿ ಹೋದರೆ ಹಿಮಶಿಖರಗಳು ಕಾಣುತ್ತವೆ. ಚರ್ಮದ ಬೆಲ್ಟು, ಕೈಚೀಲಗಳನ್ನು ದೇವಾಲಯದೊಳಗೆ ಬಿಡುವುದಿಲ್ಲ. ಹದಿನಾರು ದಿನಗಳಿಗೆ ನನಗೆ ತಗುಲಿದ ಖರ್ಚು ರೈಲು ಸೇರಿ ಹತ್ತೊಂಬತ್ತು ಸಾವಿರ ರೂಪಾಯಿ. ಲೆಕ್ಕದ ಪುಸ್ತಕ ಇಲ್ಲೇ ಇದೆ, ಬೇಕಾದವರು ನೋಡಬಹುದು.

 ಭಟ್ಟರ ವಿಷಯದಲ್ಲಿ ನನ್ನ ಮಾತನ್ನು ಒಪ್ಪದವರು ಮೊದಲು ಮಾತನಾಡಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.